ಕೈಮಗ್ಗದ ಮೀಸಲಾತಿ ಕಾನೂನು ಇರಬೇಕೇ, ಹೋಗಬೇಕೇ? ಮಗ್ಗದ ಮನೆಯವರು ಹೇಳಿ

ಕುಣಿಮಗ್ಗದ ಮನೆ

ಕಳೆದ ವಾರ ಇಳಕಲ್ಲಿಗೆ ಹೋಗಿದ್ದೆ. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ಲಾಳಿಯ ಸದ್ದು ಶುರುವಾಗುತ್ತಿತ್ತು. ಒಂದು ಮನೆಯ ಸದ್ದು ನಿಂತರೆ ಪಕ್ಕದ ಮನೆಯವರು ಬಂದು "ಯಾಕೆ, ಆರಾಮ ಇಲ್ಲವೇ?" ಎಂದು ಕೇಳುತ್ತಿದ್ದರು. ಈಗ ಓಣಿಯಲ್ಲಿ ನಮ್ಮ ಅಪ್ಪನದೂ ಸೇರಿ ಮೂರು ಕುಣಿಮಗ್ಗಗಳು (ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ) ಉಳಿದಿವೆ. ಮಿಕ್ಕ ಮನೆಗಳಿಂದ ಬರುವುದು ವಿದ್ಯುತ್ ಮಗ್ಗದ ಸದ್ದು.

ಸಂತೆ ದಿನ ಅಪ್ಪನ ಜೊತೆ ಪೇಟೆಗೆ ಹೋದೆ. ಒಂದು ಅಂಗಡಿಯಲ್ಲಿ "ಅಪ್ಪಟ ಕೈಮಗ್ಗ" ಎಂದು ಚೀಟಿ ಅಂಟಿಸಿದ ಸೀರೆಯನ್ನು ಅಪ್ಪ ಕೈಗೆತ್ತಿಕೊಂಡರು, ಸೆರಗು ತಿರುವಿ ನೋಡಿದರು, ಮಡಚಿಟ್ಟು ಹೊರಗೆ ಬಂದುಬಿಟ್ಟರು. ಬಸ್ ನಿಲ್ದಾಣದವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ಹೆಸರು ನಮ್ಮದು, ಸೀರೆ ನಮ್ಮದಲ್ಲ."

ಮನೆಯಲ್ಲಿ ಈ ಮಾತು ಜಗಳಕ್ಕೆ ತಿರುಗಿತು. 1985ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ಮಾಡಿದೆ. ಕೆಲವು ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು, ವಿದ್ಯುತ್ ಮಗ್ಗದಲ್ಲಿ ನೇಯ್ದರೆ ಅಪರಾಧ. ನನ್ನ ತಮ್ಮನ ವಾದ ಹೀಗಿದೆ: "ಕಾನೂನು ಇದ್ದೂ ಓಣಿ ಖಾಲಿಯಾಗಿದೆ. ಇಲ್ಲದ ರಕ್ಷಣೆಯನ್ನು ನಂಬಿಕೊಂಡು ಅಪ್ಪ ಸವೆಯುತ್ತಿದ್ದಾರೆ. ಅದನ್ನು ತೆಗೆದುಹಾಕಲಿ, ನಾವೂ ಎರಡು ವಿದ್ಯುತ್ ಮಗ್ಗ ಹಾಕಿ ನೆಟ್ಟಗೆ ಬದುಕೋಣ." ಕಾನೂನು ಇರಲೇಬೇಕು ಎನ್ನುವುದು ಅಪ್ಪನ ಹಠ. ನನ್ನ ಮನಸ್ಸು ಅಪ್ಪನ ಕಡೆಗಿದೆ. ಆದರೆ ತಮ್ಮನಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲ. ಮಗ್ಗದ ಬದುಕು ಕಂಡವರು, ಬೇರೆ ಕಸುಬಿನಲ್ಲಿ ಇಂಥದ್ದನ್ನು ನೋಡಿದವರು ಹೇಳಿ.

ಬನಹಟ್ಟಿಯ ಎಂಟು ಮಗ್ಗ

ನನ್ನ ಮಾತು ನಿಮ್ಮ ತಂದೆಯವರಿಗೆ ನೋವಾಗುವಂತಿದ್ದರೆ ಮೊದಲೇ ಕ್ಷಮೆ ಕೇಳುತ್ತೇನೆ.

ನಾನು ವಿದ್ಯುತ್ ಮಗ್ಗದವನು. ನಮ್ಮ ಅಜ್ಜ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವರೇ. ಅಜ್ಜನಿಗೆ ಐವತ್ತಾಗುವ ಹೊತ್ತಿಗೆ ಮೊಣಕಾಲು ಹೋಗಿತ್ತು. ಅಪ್ಪ ಮನೆ ಅಡವಿಟ್ಟು ಎರಡು ಹಳೆಯ ಮಗ್ಗ ತಂದರು, ನಾನು ಅದನ್ನು ಎಂಟು ಮಾಡಿದೆ. ವಿದ್ಯುತ್ ಮಗ್ಗ ಎಂದರೆ ಜನ ದೊಡ್ಡ ಗಿರಣಿಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ನನ್ನದು ತಗಡಿನ ಛಾವಣಿಯ ಒಂದು ಕೋಣೆ. ನಾನು, ನನ್ನ ಹೆಂಡತಿ, ನಾಲ್ವರು ಕೂಲಿಯವರು. ನೂಲಿನ ದರ ಏರಿದ ವಾರ ನಮ್ಮ ಮನೆಯಲ್ಲೂ ಒಲೆ ತಣ್ಣಗಿರುತ್ತದೆ.

1985ರ ಕಾಯ್ದೆಯಲ್ಲಿ ಬರೆದಿದ್ದ ಪ್ರಕಾರ ಮೀಸಲು ಬಟ್ಟೆ ನೇಯ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಮಗ್ಗವೊಂದಕ್ಕೆ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ನನ್ನ ಎಂಟು ಮಗ್ಗಕ್ಕೆ ಲೆಕ್ಕ ಹಾಕಿ. ಹಾಗಿದ್ದೂ ನಮ್ಮ ಭಾಗದಲ್ಲಿ ಸೀರೆ ನೇಯದೆ ಇನ್ನೇನು ನೇಯೋಣ? ನಮಗೆ ಗೊತ್ತಿರುವುದು ಸೀರೆಯೇ. ಸರ್ಕಾರವೇ ಒಂದು ಕೈಯಲ್ಲಿ ವಿದ್ಯುತ್ ಮಗ್ಗಕ್ಕೆ ಸಾಲ, ಕಡಿಮೆ ದರದ ವಿದ್ಯುತ್ ಕೊಡುತ್ತದೆ, ಇನ್ನೊಂದು ಕೈಯಲ್ಲಿ ನೇಯಬೇಡ ಎನ್ನುತ್ತದೆ. ನನ್ನ ಮಗ್ಗದ ಮುಂದೆ ಹನ್ನೆರಡು ಗಂಟೆ ನಿಲ್ಲುವವನೂ ನೇಕಾರನೇ ಅಲ್ಲವೇ? ನಿಮ್ಮ ತಮ್ಮ ಹೇಳುವುದರಲ್ಲಿ ತಪ್ಪಿಲ್ಲ.

ಹಳೆಯ ಕಡತ

ಜವಳಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇದು 1985ರಲ್ಲಿ ಹುಟ್ಟಿದ ವಿಚಾರವಲ್ಲ ಎಂಬುದು ಮೊದಲು ತಿಳಿದಿರಲಿ.

1950ರಲ್ಲೇ ಕೆಲವು ಬಗೆಯ ಅಂಚಿನ ಪಂಚೆ, ಸೀರೆಗಳನ್ನು ಗಿರಣಿಗಳು ನೇಯಬಾರದು ಎಂಬ ಆದೇಶವಿತ್ತು. ಆ ದಶಕದಲ್ಲಿ ಎರಡು ಸಮಿತಿಗಳು ಎರಡು ದಾರಿ ತೋರಿಸಿದವು. ಕಾನೂಂಗೋ ಸಮಿತಿಯು ಕೈಮಗ್ಗಗಳನ್ನು ಹಂತಹಂತವಾಗಿ ವಿದ್ಯುತ್ ಮಗ್ಗಗಳಾಗಿ ಬದಲಿಸಿ ಎಂದಿತು. 1955ರ ಕರ್ವೆ ಸಮಿತಿಯು ಕೈಕಸುಬಿನಲ್ಲಿ ಇರುವ ಉದ್ಯೋಗವನ್ನು ಕಿತ್ತುಕೊಳ್ಳಬೇಡಿ, ಗಿರಣಿಗಳ ನೇಯ್ಗೆಯ ಸಾಮರ್ಥ್ಯಕ್ಕೆ ಮಿತಿ ಹಾಕಿ ಎಂದಿತು. ಸರ್ಕಾರ ಒಲಿದದ್ದು ಕರ್ವೆ ಸಮಿತಿಯ ಕಡೆಗೆ. ಗಿರಣಿಗಳು ಹೊಸ ಮಗ್ಗ ಹಾಕದಂತೆ ತಡೆಯಾಯಿತು.

ಮುಂದೆ ಆದದ್ದನ್ನು ಗಮನಿಸಿ. ಗಿರಣಿ ಬಿಟ್ಟುಕೊಟ್ಟ ಜಾಗಕ್ಕೆ ಕೈಮಗ್ಗ ಬರಬೇಕಿತ್ತು. ಬಂದದ್ದು ವಿದ್ಯುತ್ ಮಗ್ಗ. ಮಹಾರಾಷ್ಟ್ರದ ಭಿವಂಡಿ, ಮಾಲೇಗಾಂವ, ಇಚಲಕರಂಜಿ, ನಮ್ಮ ಕಡೆ ರಬಕವಿ–ಬನಹಟ್ಟಿ, ದೊಡ್ಡಬಳ್ಳಾಪುರ ಬೆಳೆದವು. ಚಿಕ್ಕ ಚಿಕ್ಕ ಕೋಣೆಗಳಲ್ಲಿ ಹರಡಿಕೊಂಡ ಮಗ್ಗಗಳನ್ನು ಹುಡುಕಿ ಎಣಿಸುವುದು ಯಾವ ಸರ್ಕಾರದಿಂದಲೂ ಆಗಲಿಲ್ಲ. ಆನೆಯನ್ನು ತಡೆಯಲು ಹಾಕಿದ ಬೇಲಿಯಲ್ಲಿ ಮೇಕೆಗಳು ನುಸುಳಿ ಹೊಲ ಮೇಯ್ದವು. ಬನಹಟ್ಟಿಯ ಗೆಳೆಯರು ಬೇಸರ ಮಾಡಿಕೊಳ್ಳಬಾರದು. ಮೇಕೆಗೂ ಹಸಿವಿತ್ತು ಎಂಬುದು ನನಗೆ ಗೊತ್ತು.

1985ರ ಕಾಯ್ದೆ ಬಂದದ್ದು ಈ ನುಸುಳುವಿಕೆಯನ್ನು ತಡೆಯಲು. 22 ಬಗೆಯ ವಸ್ತುಗಳನ್ನು ಮೀಸಲಿಟ್ಟರು. ವಿದ್ಯುತ್ ಮಗ್ಗದವರು ನ್ಯಾಯಾಲಯಕ್ಕೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಎಂಟು ವರ್ಷ ಕಾಯ್ದೆ ಕಾಗದದ ಮೇಲಿತ್ತು, ಮಗ್ಗಗಳು ನೆಲದ ಮೇಲೆ ಓಡುತ್ತಿದ್ದವು. ತೀರ್ಪು ಬಂದ ಕೆಲವೇ ವರ್ಷಗಳಲ್ಲಿ 22 ಇದ್ದದ್ದು 11 ಆಯಿತು.

ಓದುತ್ತಿರುವವಳು

ಆ 11 ಯಾವುವು ಎಂದು ಯಾರಾದರೂ ಬರೆಯುತ್ತೀರಾ? ಹುಡುಕಿದರೆ ಒಂದೊಂದು ಕಡೆ ಒಂದೊಂದು ರೀತಿ ಇದೆ.

ಹಳೆಯ ಕಡತ

ಸೀರೆ. ಪಂಚೆ. ಟವೆಲು, ಅಂಗವಸ್ತ್ರ. ಲುಂಗಿ. ಹಾಸಿಗೆ ಹೊದಿಕೆ ಮತ್ತು ಪರದೆಯಂಥ ಗೃಹಬಳಕೆಯ ಬಟ್ಟೆ. ಜಮಖಾನೆ. ಉಡುಪಿನ ಬಟ್ಟೆ. ಕಂಬಳಿ. ಶಾಲು ಮತ್ತು ಮಫ್ಲರ್. ಉಣ್ಣೆಯ ಟ್ವೀಡ್. ಈಶಾನ್ಯ ರಾಜ್ಯಗಳ ಹೆಂಗಸರು ಉಡುವ ಚಾದರ, ಮೇಖಲಾ, ಫನೆಕ್.

ಓದಿದರೆ ಲೋಕದ ಬಟ್ಟೆಯೆಲ್ಲ ಇದರಲ್ಲಿದೆ ಎನಿಸುತ್ತದೆ, ಅಲ್ಲವೇ ಮಗಳೇ? ಆದರೆ ಪ್ರತಿ ಹೆಸರಿನ ಕೆಳಗೂ ಯಾವ ನೂಲು, ಎಂಥ ಅಂಚು, ಎಂಥ ನೇಯ್ಗೆ ಎಂಬ ವಿವರಣೆ ಇದೆ. ಆ ವಿವರಣೆಯಿಂದ ಒಂದು ಹೆಜ್ಜೆ ಆಚೆ ಸರಿದರೆ ಸೀರೆ ಸೀರೆಯಾಗಿಯೇ ಉಳಿಯುತ್ತದೆ, ಮೀಸಲು ಮಾತ್ರ ಕಳಚಿಬೀಳುತ್ತದೆ. ನೂಲು ಬದಲಿಸಿದರೂ ಸಾಕು. ನಾನು ತಪಾಸಣೆಗೆ ಹೋದಾಗಲೆಲ್ಲ ಈ ಮಾತನ್ನೇ ಕೇಳಿ ಹಿಂತಿರುಗಿದ್ದೇನೆ. ಇನ್ನೊಂದು ತೊಡಕು ಇದೆ. ವಿದ್ಯುತ್ ಮಗ್ಗ ನೇಯುವಾಗಲೇ ಹಿಡಿದರೆ ಪ್ರಕರಣ ನಿಲ್ಲುತ್ತದೆ. ಅಂಗಡಿಗೆ ಬಂದ ಮೇಲೆ ಅದು ಯಾವ ಮಗ್ಗದ್ದು ಎಂದು ಸಾಬೀತು ಮಾಡುವುದು ಕಷ್ಟ. ಜೀಪು ಊರ ಬಾಗಿಲಿಗೆ ಬರುವಷ್ಟರಲ್ಲಿ ಓಣಿಯ ಮಗ್ಗಗಳೆಲ್ಲ ನಿಂತಿರುತ್ತಿದ್ದವು.

ತಿಪಟೂರಿನ ತೋಟ

ನನಗೆ ನೇಯ್ಗೆ ಗೊತ್ತಿಲ್ಲ, ತೆಂಗಿನ ನಾರು ಗೊತ್ತು. ಇದೇ ಕಥೆ ನಾರಿನಲ್ಲಿ ನಡೆದುಹೋಗಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ನಾರಿನ ಕಸುಬಿನಲ್ಲಿ ಕೇರಳವೇ ದೊಡ್ಡದು. ಆಲಪ್ಪುಳದಲ್ಲಿ ನಾರಿನ ಚಾಪೆಯ ಮೊದಲ ಕಾರ್ಖಾನೆ ಶುರುವಾದದ್ದು 1859ರಲ್ಲಿ. ಅಲ್ಲಿ ತೆಂಗಿನಕಾಯಿಯ ಹಸಿ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕುತ್ತಿದ್ದರು, ಆಮೇಲೆ ಹೆಂಗಸರು ಮರದ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದರು. ಲಕ್ಷಾಂತರ ಹೆಂಗಸರ ಅನ್ನವಾಗಿತ್ತು ಅದು. ಮಟ್ಟೆ ಬಡಿಯುವ ಯಂತ್ರ ಬಂದಾಗ 1970ರ ದಶಕದಲ್ಲಿ ಅಲ್ಲಿ ದೊಡ್ಡ ವಿರೋಧ ಎದ್ದಿತು. ಸರ್ಕಾರ ಯಂತ್ರಗಳನ್ನು ತಡೆಯಿತು. ಉದ್ದೇಶ ಒಳ್ಳೆಯದೇ. ಆದರೆ ಗಡಿಯಾಚೆ ತಮಿಳುನಾಡಿನಲ್ಲಿ ತಡೆ ಇರಲಿಲ್ಲ. ಪೊಳ್ಳಾಚಿಯ ಸುತ್ತ ನಾರು ಗಿರಣಿಗಳು ಎದ್ದವು. ಕೊನೆಗೆ ಕೇರಳದ ಹಗ್ಗ ಹೊಸೆಯುವವರೇ ತಮಿಳುನಾಡಿನ ನಾರು ಕೊಳ್ಳುವಂತಾಯಿತು. ನಮ್ಮ ತಿಪಟೂರು, ಅರಸೀಕೆರೆ ಕಡೆಯ ಘಟಕಗಳಲ್ಲೂ ಯಂತ್ರವೇ ನಾರು ಬಿಡಿಸುತ್ತದೆ.

ನಾನು ಆಲಪ್ಪುಳಕ್ಕೆ ಯಂತ್ರದ ಬಿಡಿಭಾಗ ನೋಡಲು ಹೋದಾಗ ಮಟ್ಟೆ ಬಡಿಯುವ ಅಜ್ಜಿಯೊಬ್ಬರ ಪಕ್ಕ ಒಂದು ಗಂಟೆ ಕೂತಿದ್ದೆ. ಅವರ ಅಂಗೈ ಕಲ್ಲಾಗಿತ್ತು, ನಿಂತಿದ್ದ ನೀರು ಸಹಿಸಲಾಗದಷ್ಟು ನಾರುತ್ತಿತ್ತು. ಈ ಕೆಲಸ ಉಳಿಯಬೇಕೇ ಎಂದು ಕೇಳಿದೆ. ಜೊತೆಗಿದ್ದವರು ಅನುವಾದ ಮಾಡಿ ಹೇಳಿದರು: "ಕೆಲಸ ಹೋದರೆ ಹೋಗಲಿ, ಕೂಲಿ ಎಲ್ಲಿಂದ ಬರುತ್ತದೆ ಎಂದು ಹೇಳಿ ಮೊದಲು."

ಒಂದು ರಾಜ್ಯ ಮಾತ್ರ ಬಾಗಿಲು ಹಾಕಿದರೆ ಕೆಲಸ ಪಕ್ಕದ ಮನೆಗೆ ಹೋಗುತ್ತದೆ. ನಿಮ್ಮ ಕಾಯ್ದೆ ಇಡೀ ದೇಶದ್ದು, ಹಾಗಾಗಿ ಕೇರಳಕ್ಕಾದ ಗತಿ ಆಗಬೇಕಿಲ್ಲ. ಆದರೆ ಜಾರಿ ಮಾಡುವುದು ರಾಜ್ಯಗಳಲ್ಲವೇ? ಒಂದು ರಾಜ್ಯ ಕಣ್ಣುಮುಚ್ಚಿದರೆ ಅಲ್ಲಿಂದಲೇ ಸೀರೆ ಬರುತ್ತದೆ.

ಕುಣಿಮಗ್ಗದ ಮನೆ

ಬಂದೇ ಬರುತ್ತಿದೆ ಅಣ್ಣ. ನಮ್ಮೂರಿನ ಹೆಸರು ಹೊತ್ತ ಸೀರೆಗಳು ನಮ್ಮೂರು ನೋಡದ ಊರುಗಳಿಂದ ಬರುತ್ತಿವೆ.

ಬನಹಟ್ಟಿಯವರೇ, ನಿಮ್ಮ ಮಾತು ನೋವು ಮಾಡಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. "ಅವರ ಅಜ್ಜನ ಮೊಣಕಾಲು ನನಗೂ ಇದೆ" ಎಂದರು. ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ನಿಮ್ಮ ಸೀರೆಯನ್ನು ವಿದ್ಯುತ್ ಮಗ್ಗದ ಸೀರೆ ಎಂದೇ ಮಾರಿದರೆ ನಡೆಯುವುದಿಲ್ಲವೇ? ಕೈಮಗ್ಗದ ಚೀಟಿ ಯಾಕೆ ಬೇಕು?

ಬನಹಟ್ಟಿಯ ಎಂಟು ಮಗ್ಗ

ಚೀಟಿ ಅಂಟಿಸುವವರು ನಾವಲ್ಲ, ಇದನ್ನು ದೇವರ ಮೇಲೆ ಆಣೆ ಮಾಡಿ ಹೇಳುತ್ತೇನೆ. ನಮ್ಮಿಂದ ಸಗಟು ವ್ಯಾಪಾರಿ ಕಟ್ಟುಗಟ್ಟಲೆ ಒಯ್ಯುತ್ತಾನೆ. ಅವನು ಕೊಡುವ ದರ ವಿದ್ಯುತ್ ಮಗ್ಗದ ದರ. ಚೀಟಿಯ ಲಾಭ ನಮ್ಮ ಕೈಗೆ ಬಂದಿದ್ದರೆ ನನ್ನ ಛಾವಣಿ ಇನ್ನೂ ತಗಡಿನದಾಗಿ ಇರುತ್ತಿರಲಿಲ್ಲ.

ತಂದೆಯವರಿಗೆ ಹೇಳಿ: ಚೀಟಿ ತೆಗೆಯುವ ಹೋರಾಟಕ್ಕೆ ಕರೆದರೆ ನಾನು ಬರುತ್ತೇನೆ. ಮಗ್ಗ ನಿಲ್ಲಿಸುವ ಹೋರಾಟಕ್ಕೆ ಬರಲಾರೆ.

ಸೀರೆ ಉಡುವವಳು

ಬೆಂಗಳೂರಿನಲ್ಲಿದ್ದೇನೆ, ಹುಟ್ಟಿದ್ದು ಹುನಗುಂದದ ಹತ್ತಿರದ ಹಳ್ಳಿ. ಹಬ್ಬಕ್ಕೊಂದು ಇಳಕಲ್ ಸೀರೆ ಕೊಳ್ಳುತ್ತೇನೆ. ಹೆಚ್ಚು ದುಡ್ಡು ಕೊಡಲು ಸಿದ್ಧಳಿದ್ದೇನೆ, ಆದರೆ ಮೋಸ ಹೋಗಲು ಸಿದ್ಧಳಿಲ್ಲ. ನಿಮ್ಮ ತಂದೆಯವರು ಸೆರಗು ತಿರುವಿ ನೋಡಿದರು ಎಂದಿರಲ್ಲ, ಏನು ನೋಡಿದರು? ನನಗೂ ಕಲಿಸಿ.

ಕುಣಿಮಗ್ಗದ ಮನೆ

ಅಕ್ಕ, ಅವರು ನೋಡಿದ್ದು ಕೊಂಡಿಯನ್ನು. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಸೀರೆಯ ಪ್ರಾಣ ಅಲ್ಲೇ ಇದೆ.

ಸಾಮಾನ್ಯ ಸೀರೆಯಲ್ಲಿ ಹಾಸು (ಉದ್ದಕ್ಕೆ ಹಾಯುವ ಎಳೆ) ಒಂದೇ. ಒಡಲಿಗೆ ಯಾವ ಹಾಸೋ ಸೆರಗಿಗೂ ಅದೇ. ಇಳಕಲ್ ಸೀರೆಯಲ್ಲಿ ಎರಡು ಹಾಸು: ಒಡಲಿಗೆ ಹತ್ತಿಯದು, ಸೆರಗಿಗೆ ಕೆಂಪು ರೇಷ್ಮೆಯದು. ಒಂದೊಂದು ಸೀರೆಗೂ ಬೇರೆಯಾಗಿ ಹಾಸು ಹೂಡಬೇಕು. ಒಡಲಿನ ಎಳೆಯ ತುದಿಯಲ್ಲಿರುವ ಕುಣಿಕೆಗೆ ಸೆರಗಿನ ಎಳೆಯ ಕುಣಿಕೆಯನ್ನು ಸಿಕ್ಕಿಸಬೇಕು. ಎಳೆಗೆ ಎಳೆ, ಸಾವಿರಾರು ಎಳೆ. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ನಮ್ಮ ಮನೆಯಲ್ಲಿ ಅದು ಅವ್ವನ ಕೆಲಸ. ಹಾಸನ್ನು ಪಡಸಾಲೆಯ ಉದ್ದಕ್ಕೆ ಎಳೆದು ಕಟ್ಟಿ, ಬಾಗಿಲ ಬೆಳಕಿಗೆ ಮುಖ ಮಾಡಿ ಕೂರುತ್ತಾಳೆ. ಅವಳ ಹೆಬ್ಬೆರಳು, ತೋರುಬೆರಳು ಆಡುವುದಷ್ಟೇ ಕಾಣುತ್ತದೆ, ಎಳೆ ನನ್ನ ಕಣ್ಣಿಗೆ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಫ್ಯಾನು ಹಾಕುವಂತಿಲ್ಲ. ಬೇಸಿಗೆಯಲ್ಲಿ ಅವಳ ಕುತ್ತಿಗೆಯಿಂದ ಇಳಿಯುವ ಬೆವರನ್ನು ನನ್ನ ತಂಗಿ ಒರೆಸುತ್ತಿದ್ದಳು, ಅವ್ವನ ಕೈ ಹಾಸು ಬಿಟ್ಟು ಏಳುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಸೆರಗಿನ ತುದಿಯಲ್ಲಿ ಬಿಟ್ಟಿರುವ ಗೊಂಡೆಯ ಎಳೆಗಳನ್ನು ನೋಡಿ. ಕೊಂಡಿಯ ಸೀರೆಯಲ್ಲಿ ಅವು ಸೆರಗಿನದೇ ಕೆಂಪು ರೇಷ್ಮೆ. ಒಡಲು ನೀಲಿಯಾಗಿದ್ದು ಗೊಂಡೆಯಲ್ಲೂ ನೀಲಿ ಎಳೆ ಬಂದಿದ್ದರೆ ಹಾಸು ಒಂದೇ ಎಂದು ತಿಳಿಯಿರಿ. ಅಂಥ ಸೆರಗಿನಲ್ಲಿ ಹೊಕ್ಕು (ಅಡ್ಡಕ್ಕೆ ಹಾಯುವ ಎಳೆ) ಮಾತ್ರ ಕೆಂಪು, ಹಾಸು ನೀಲಿ. ಬಿಸಿಲಿಗೆ ಹಿಡಿದರೆ ಕೆಂಪಿನೊಳಗೆ ನೀಲಿ ಇಣುಕುತ್ತದೆ. ಆಮೇಲೆ ಒಡಲು ಮುಗಿದು ಸೆರಗು ಶುರುವಾಗುವ ಕಡೆ ಹಿಂಬದಿಯನ್ನು ಬೆರಳಿನಿಂದ ಸವರಿ. ಎಳೆಗಳು ಒಂದನ್ನೊಂದು ಹಿಡಿದ ಗೆರೆ ಬೆರಳಿಗೆ ತಾಗುತ್ತದೆ. ಕೊಂಡಿ ಇಲ್ಲದ ಕೈಮಗ್ಗದ ಸೀರೆಯೂ ಉಂಟು, ಅದನ್ನು ಸುಳ್ಳು ಎನ್ನಲಾರೆ. ಕೊಂಡಿ ಇದ್ದರೆ ಮಾತ್ರ ಅಲ್ಲಿ ಒಬ್ಬ ಹೆಂಗಸಿನ ಬೆರಳು ಆಡಿದೆ.

ಸೀರೆ ಉಡುವವಳು

ಇದನ್ನು ಓದಿ ಬೀರು ತೆರೆದು ಕೂತೆ. ಐದು ಸೀರೆಗಳಲ್ಲಿ ಎರಡಕ್ಕೆ ಮಾತ್ರ ಕೊಂಡಿ ಇದೆ. ಒಂದು ನನ್ನ ಅತ್ತೆಯವರದು, ಇನ್ನೊಂದು ನನ್ನ ಮದುವೆಯದು. ಆಮೇಲೆ ನಾನು ಕೊಂಡ ಮೂರಕ್ಕೂ ಇಲ್ಲ. ಮೂರಕ್ಕೂ ಕೈಮಗ್ಗದ ಬೆಲೆ ಕೊಟ್ಟಿದ್ದೇನೆ.

ಬಂಟ್ವಾಳದ ಮನೆ

ಚರ್ಚೆ ಓದುತ್ತಾ ನನಗೆ ಒಂದು ವಿಷಯ ಹೊಳೆಯಿತು, ನೇಯ್ಗೆಯವರು ಯೋಚಿಸಿ.

ನನ್ನ ಅಮ್ಮ ಮೂವತ್ತೈದು ವರ್ಷ ಬೀಡಿ ಕಟ್ಟಿದ್ದಾರೆ. ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಮಾಡಿ, ನೂಲು ಕಟ್ಟಿ, ಸಂಜೆ ಬ್ರಾಂಚಿಗೆ ಕೊಟ್ಟು ಬರುವುದು. ನಾವು ಮೂವರು ಮಕ್ಕಳು ಓದಿದ್ದು ಆ ದುಡ್ಡಿನಲ್ಲಿ. ಇಲ್ಲೂ ಯಂತ್ರಕ್ಕೆ ತಡೆ ಇತ್ತು, ತೆರಿಗೆಯ ರೂಪದಲ್ಲಿ. ಜಿಎಸ್‌ಟಿ ಬರುವ ಮೊದಲು ಯಂತ್ರದ ಬೀಡಿಗೆ ಕೈಬೀಡಿಗಿಂತ ಹೆಚ್ಚಿನ ಅಬಕಾರಿ ಸುಂಕವಿತ್ತು.

ಆದರೆ ಅಮ್ಮನನ್ನು ಕಾಪಾಡಿದ್ದು ಆ ಸುಂಕವಲ್ಲ. ಕಾಪಾಡಿದ್ದು 1966ರ ಬೀಡಿ ಕಾರ್ಮಿಕರ ಕಾಯ್ದೆ. ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು ಅದು ಹೇಳಿತು. ಮಾಲೀಕರು ಒಪ್ಪದೆ ನ್ಯಾಯಾಲಯಕ್ಕೆ ಹೋದರು, 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಅದರಿಂದ ಅಮ್ಮನ ಕೈಗೆ ಒಂದು ಪುಸ್ತಕ ಬಂತು. ದಿನ ಎಷ್ಟು ಬೀಡಿ ಕೊಟ್ಟರು ಎಂಬ ಲೆಕ್ಕ ಅದರಲ್ಲಿ. ಆ ಲೆಕ್ಕದ ಮೇಲೆ ಭವಿಷ್ಯ ನಿಧಿ. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂದು ಮಕ್ಕಳಿಗೆ ವಿದ್ಯಾರ್ಥಿವೇತನ. ನನ್ನ ಹೈಸ್ಕೂಲಿನ ಸಮವಸ್ತ್ರ ಆ ದುಡ್ಡಿನದು.

ಬೀಡಿ ಒಳ್ಳೆಯ ಕಸುಬು ಎಂದು ನಾನು ಹೇಳುವುದಿಲ್ಲ. ಅಮ್ಮನ ಕೆಮ್ಮು ಇವತ್ತಿಗೂ ಹೋಗಿಲ್ಲ, ಮಗಳು ಬೀಡಿ ಕಟ್ಟುವ ಆ ತಡಪೆ (ಮೊರ) ಮುಟ್ಟಬಾರದು ಎಂದೇ ಅವರು ನನ್ನನ್ನು ಓದಿಸಿದರು. ನಾನು ಹೇಳುವುದು ಇಷ್ಟೇ. ಬೀಡಿಯ ಕಾನೂನು ಕಟ್ಟುವ ಕೈಯನ್ನು ಹಿಡಿಯಿತು. ನಿಮ್ಮ ಕಾನೂನು ಸೀರೆಯನ್ನು ಹಿಡಿದುಕೊಂಡಿದೆ. ನಿಮ್ಮ ತಂದೆಗೆ ಅಂಥ ಒಂದು ಪುಸ್ತಕ ಇದೆಯೇ?

ಕುಣಿಮಗ್ಗದ ಮನೆ

ಅಕ್ಕ, ನಿಮ್ಮ ಬರಹವನ್ನು ನಾಲ್ಕು ಸಲ ಓದಿದೆ.

ಇಲ್ಲ. ಅಪ್ಪನಿಗೆ ಅಂಥ ಪುಸ್ತಕ ಇಲ್ಲ. ಸಾಹುಕಾರರು ನೂಲು ಕೊಡುತ್ತಾರೆ, ಅಪ್ಪ ಸೀರೆ ಕೊಡುತ್ತಾರೆ, ಮಜೂರಿ ಕೈಗೆ ಬರುತ್ತದೆ. ಮುಂಗಡ ಮುರಿದುಕೊಂಡರೆ ಅದರ ಲೆಕ್ಕ ಸಾಹುಕಾರರ ವಹಿಯಲ್ಲಿ, ನಮ್ಮ ಮನೆಯಲ್ಲಿ ಅಲ್ಲ. ನೇಕಾರರ ಗುರುತಿನ ಚೀಟಿ ಇದೆ, ಸರ್ಕಾರದ ನೇಕಾರ ಸಮ್ಮಾನ್ ಹಣ ವರ್ಷಕ್ಕೊಮ್ಮೆ ಖಾತೆಗೆ ಬರುತ್ತದೆ. ಅದಕ್ಕೆ ಋಣಿ. ಆದರೆ ಅದು ಕೂಲಿಯಲ್ಲ.

ತಮ್ಮನಿಗೆ ಕೊಡಬೇಕಾದ ಉತ್ತರ ನನಗೆ ಸಿಕ್ಕಿತು. 1985ರ ಕಾಯ್ದೆ ಯಂತ್ರಕ್ಕೆ ಬೇಲಿ ಹಾಕಿತು, ಕೂಲಿಗೆ ನೆಲಗಟ್ಟು ಹಾಕಲಿಲ್ಲ. ಸೀರೆ ಕೈಮಗ್ಗದಲ್ಲೇ ಆಗಬೇಕು ಎಂದ ಕಾನೂನು ಆ ಸೀರೆ ನೇಯ್ದವನಿಗೆ ಎಷ್ಟು ಸಿಗಬೇಕು ಎಂದು ಒಂದು ಸಾಲೂ ಬರೆಯಲಿಲ್ಲ. ಬೇಲಿ ಕಿತ್ತುಬಿಟ್ಟರೆ ನೆಲಗಟ್ಟು ತಾನಾಗಿ ಬರುವುದಿಲ್ಲ, ಇದ್ದ ಹೊಲವೂ ಹೋಗುತ್ತದೆ. ಬೇಲಿ ಇರಲಿ, ಒಳಗೆ ಇರುವವನಿಗೆ ಅನ್ನ ಇರಲಿ ಎಂದು ಕೇಳಬೇಕು. ನಾವು ಇಷ್ಟು ವರ್ಷ ಅರ್ಧವನ್ನೇ ಕೇಳುತ್ತಾ ಬಂದೆವು.

ಭೀಮನಕೋಣೆ ದಾರಿ

ಸಾಗರದ ಕಡೆಯವನು. ನಮ್ಮಲ್ಲಿ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘ ಇದೆ. ರಂಗನಿರ್ದೇಶಕ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿ ಬೆಳೆಸಿದ್ದು. ನೇಯ್ಗೆಯ ಪರಂಪರೆಯೇ ಇಲ್ಲದ ಮಲೆನಾಡಿನ ಹಳ್ಳಿಯ ಹೆಂಗಸರು ಅಲ್ಲಿ ನೂಲಿಗೆ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ರಸದ) ಬಣ್ಣ ಕಟ್ಟಿ, ನೇಯ್ದು, ಹೊಲಿದು ಕಳಿಸುತ್ತಾರೆ. ಬಟ್ಟೆ 'ದೇಸಿ' ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಸಾಹುಕಾರ ಇಲ್ಲ. ಕಷ್ಟವೇ ಇಲ್ಲ ಎಂದು ಹೇಳಲಾರೆ, ಅವರೂ ಏಳುಬೀಳು ಕಂಡಿದ್ದಾರೆ. ಆದರೂ ನೇಯುವವಳ ಕೈಗೆ ಲೆಕ್ಕ ಇದೆ.

2015ರಲ್ಲಿ ಮೀಸಲಾತಿ ಕಾಯ್ದೆಯನ್ನು ಸಡಿಲಿಸುವ ಮಾತು ಕೇಂದ್ರದಲ್ಲಿ ಎದ್ದಾಗ ದೇಶದಾದ್ಯಂತ ನೇಕಾರರು ವಿರೋಧಿಸಿದರು. ಅದೇ ವರ್ಷ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಪ್ರಸನ್ನ ಸತ್ಯಾಗ್ರಹ ಕೂತರು. ಒಂದು ಕಾಲಕ್ಕೆ ಖಾದಿಗೆ ಹೆಸರಾಗಿದ್ದ ಊರು ಅದು, ಗಾಂಧೀಜಿ ಬಂದು ಹೋದ ಊರು. ನಾನು ಬಸ್ಸು ಹಿಡಿದು ಹೋಗಿದ್ದೆ. ಪಾಳುಬಿದ್ದ ನೂಲಿನ ಕೇಂದ್ರದ ಹೆಂಚುಗಳ ಸಂದಿಯಿಂದ ಬೆಳಕು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಅಲ್ಲಿ ಕೂತಿದ್ದ ನೇಕಾರರ ಬಾಯಲ್ಲಿ ನಾನು ಹೆಚ್ಚು ಕೇಳಿದ ಶಬ್ದ 'ಮಜೂರಿ'.

ಹಳೆಯ ಕಡತ

ಕೈಮಗ್ಗಕ್ಕೆ ಇದ್ದ ಇನ್ನೊಂದು ಬೇಲಿಯ ಬಗ್ಗೆ ಯಾರೂ ಹೇಳಲಿಲ್ಲ. ಅದು ನೂಲಿನದು. ವಿದ್ಯುತ್ ಮಗ್ಗಕ್ಕೆ ಶಂಕುವಿನ ಮೇಲೆ ಸುತ್ತಿದ ನೂಲು ಬೇಕು, ಕೈಮಗ್ಗಕ್ಕೆ ಲಡಿ ನೂಲು (ಸಡಿಲ ಸುರುಳಿಯಾಗಿ ಸುತ್ತಿ ಕಟ್ಟಿದ ನೂಲು) ಬೇಕು. ನೂಲಿನ ಗಿರಣಿಗಳು ಮಾರುವ ನೂಲಿನಲ್ಲಿ ಇಂತಿಷ್ಟು ಪಾಲು ಲಡಿಯಾಗಿಯೇ ಇರಬೇಕು ಎಂಬ ಕಡ್ಡಾಯ ಇದೆ. ಮೊದಲು ಅದು ಶೇ 50 ಇತ್ತು, 2003ರಲ್ಲಿ ಶೇ 40 ಆಯಿತು, 2019ರಲ್ಲಿ ಶೇ 30ಕ್ಕೆ ಇಳಿಯಿತು. ಸೀರೆಯ ಬೇಲಿ ಮುರಿದದ್ದು ಎಲ್ಲರಿಗೂ ಕಾಣುತ್ತದೆ. ನೂಲಿನ ಬೇಲಿ ಸದ್ದಿಲ್ಲದೆ ತಗ್ಗುತ್ತಿದೆ.

ಎಣಿಕೆಯನ್ನೂ ನೋಡಿ. 1995–96ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಈ ಕಸುಬಿನವರು 65 ಲಕ್ಷಕ್ಕೂ ಹೆಚ್ಚು. 2009–10ರಲ್ಲಿ 43 ಲಕ್ಷ. 2019–20ರಲ್ಲಿ 35.22 ಲಕ್ಷ. ಇವರಲ್ಲಿ ಸುಮಾರು 26.7 ಲಕ್ಷ ಜನ ನೇಯುವವರು, ಸುಮಾರು 8.5 ಲಕ್ಷ ಜನ ಹಾಸು ಹೂಡುವ, ಕಂಡಿಕೆ ಸುತ್ತುವ, ಬಣ್ಣ ಹಾಕುವ ಕೆಲಸದವರು. ನೇಕಾರ ಕುಟುಂಬಗಳಲ್ಲಿ ಸರಿಸುಮಾರು ಮೂರರಲ್ಲಿ ಎರಡರ ತಿಂಗಳ ಆದಾಯ ಐದು ಸಾವಿರ ರೂಪಾಯಿಗಿಂತ ಕಡಿಮೆ. ಇಡೀ ಕುಟುಂಬದ ಆದಾಯ ಇದು. ಈ ಕಸುಬು ಬಿಟ್ಟವರೆಲ್ಲ ಯಂತ್ರಕ್ಕೆ ಸೋತು ಹೋದರು ಎಂದು ನಾನು ಒಪ್ಪುವುದಿಲ್ಲ. ಬಹಳ ಜನ ಈ ಆದಾಯಕ್ಕೆ ಬೇಸತ್ತು ಹೋಗಿದ್ದಾರೆ.

ನಾನು ಸೇವೆಯಲ್ಲಿದ್ದಾಗ ಮಗ್ಗ ಎಣಿಸಿದ್ದೇನೆ, ಮೀಟರು ಎಣಿಸಿದ್ದೇನೆ, ಮೊಕದ್ದಮೆ ಎಣಿಸಿದ್ದೇನೆ. ಮಜೂರಿ ಎಷ್ಟು ಎಂದು ಬರೆಯುವ ಅಂಕಣ ನನ್ನ ತಪಾಸಣೆಯ ನಮೂನೆಯಲ್ಲಿ ಇರಲಿಲ್ಲ. ಇರಬೇಕಿತ್ತು ಎಂದು ಒಮ್ಮೆಯಾದರೂ ಮೇಲಕ್ಕೆ ಬರೆಯಬೇಕಿತ್ತು. ಬರೆಯಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ಬನಹಟ್ಟಿಯ ಎಂಟು ಮಗ್ಗ

ಕೂಲಿಯ ವಿಷಯ ಬಂದದ್ದಕ್ಕೆ ನನ್ನದೂ ಒಂದು ಮಾತು. ನಾಳೆ ಕೈಮಗ್ಗದ ಸೀರೆಗೆ ಕನಿಷ್ಠ ಮಜೂರಿ ಗೊತ್ತಾದರೆ ಅದರ ಬೆಲೆ ಏರುತ್ತದೆ. ಆಗ ನನ್ನ ಸೀರೆಗೂ ಅದಕ್ಕೂ ಅಂತರ ಇನ್ನೂ ಹೆಚ್ಚಾಗುತ್ತದೆ, ಸುಳ್ಳು ಚೀಟಿಯ ಆಸೆಯೂ ಹೆಚ್ಚಾಗುತ್ತದೆ. ಹಾಗಾಗಿ ಚೀಟಿಯ ಮೇಲೆ ಹಿಡಿತ ಇಲ್ಲದೆ ಮಜೂರಿ ಮಾತ್ರ ಕೇಳಿದರೆ ನಿಮಗೇ ನಷ್ಟ. ಎರಡನ್ನೂ ಒಟ್ಟಿಗೆ ಕೇಳಿ. ಜೈಲು ನೇಯುವವನಿಗೆ ಬೇಡ. ಕೈಮಗ್ಗದ್ದು ಎಂದು ಸುಳ್ಳು ಹೇಳಿ ಮಾರುವವನಿಗೆ ಇರಲಿ.

ನನ್ನ ಕೂಲಿಯವರಿಗೂ ಪುಸ್ತಕ ಇಲ್ಲ ಎಂಬುದು ಬಂಟ್ವಾಳದ ಅಕ್ಕನ ಬರಹ ಓದಿದ ಮೇಲೆ ನೆನಪಾಯಿತು. ಈ ಸೋಮವಾರದಿಂದ ಬರೆಯಲು ಶುರು ಮಾಡುತ್ತೇನೆ.

ತಿಪಟೂರಿನ ತೋಟ

ಕೊಂಡಿಯಂಥ ಗುರುತು ಎಲ್ಲ ಬಟ್ಟೆಗೂ ಇರುವುದಿಲ್ಲವಲ್ಲ? ಟವೆಲಿಗೆ, ಲುಂಗಿಗೆ ಏನು ಮಾಡುವುದು?

ಕುಣಿಮಗ್ಗದ ಮನೆ

ಇರುವುದಿಲ್ಲ ಅಣ್ಣ. ನನ್ನ ಅಭಿಪ್ರಾಯ ಹೇಳುತ್ತೇನೆ, ಕಸುಬಿನವರಲ್ಲೇ ಕೆಲವರು ಒಪ್ಪಲಿಕ್ಕಿಲ್ಲ. ಸಾದಾ ಟವೆಲು, ಲುಂಗಿಯನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೂ ನಡೆಯುತ್ತದೆ, ಆದರೆ ಅದನ್ನೇ ನಂಬಿರುವ ಮನೆಗಳಿಗೆ ಬೇರೆ ನೇಯ್ಗೆ ಕಲಿಸಿ, ಕೊಳ್ಳುವ ಖಾತರಿ ಕೊಟ್ಟ ಮೇಲೆ. ಕೈಯಿಂದ ಮಾತ್ರ ಆಗುವಂಥದ್ದು ಯಾವುದಿದೆಯೋ ಅದರ ಸುತ್ತ ಬೇಲಿ ಗಟ್ಟಿಯಾಗಿರಬೇಕು. ನಮ್ಮ ಕೊಂಡಿ, ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ. 22 ಇದ್ದದ್ದು 11 ಆದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಉಳಿದ 11ನ್ನೂ ಯಾರೂ ಕಾಯಲಿಲ್ಲ ಎಂಬುದಕ್ಕೆ ದುಃಖ.

ಅಪ್ಪ, ತಮ್ಮ, ನಾನು ನಿನ್ನೆ ರಾತ್ರಿ ಕೂತು ಒಂದು ಅರ್ಜಿ ಬರೆದೆವು. ಓಣಿಯ ಉಳಿದ ಎರಡು ಮಗ್ಗದ ಮನೆಯವರೂ ಬಂದಿದ್ದರು. ಕೇಳಿದ್ದು ಇವು: ಸೀರೆಗೆ ಇಷ್ಟು ಎಂದು ಕನಿಷ್ಠ ಮಜೂರಿ ಗೊತ್ತುಮಾಡಬೇಕು. ನೂಲು ಕೊಟ್ಟ ಸಾಹುಕಾರರು ನೇಕಾರರ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಅಂಗಡಿಗಳಲ್ಲಿ ಕೈಮಗ್ಗದ ಚೀಟಿ ಇರುವ ಸೀರೆಯ ಕೊಂಡಿ ಪರೀಕ್ಷೆ ಮಾಡಬೇಕು, ಪರೀಕ್ಷೆಗೆ ಬರುವ ಅಧಿಕಾರಿಯ ಜೊತೆ ಊರಿನ ಒಬ್ಬ ನೇಕಾರ ಇರಬೇಕು. ತಮ್ಮ ಸಹಿ ಹಾಕಿದ. ವಿದ್ಯುತ್ ಮಗ್ಗದ ಮಾತನ್ನು ಅವನು ಬಿಟ್ಟಿಲ್ಲ, ಈ ದೀಪಾವಳಿಯವರೆಗೆ ನೋಡುತ್ತೇನೆ ಎಂದಿದ್ದಾನೆ. ಅವನಿಗೆ ಆ ಹಕ್ಕಿದೆ.

ಬಂಟ್ವಾಳದ ಮನೆ

ಅರ್ಜಿಯಲ್ಲಿ ಎಲ್ಲ ಕಡೆ 'ನೇಕಾರ' ಎಂದೇ ಇದೆಯೇ? ನಿಮ್ಮ ಅವ್ವ ಕೊಂಡಿ ಹಾಕುತ್ತಾರೆ ಎಂದಿರಲ್ಲ. ಅವರಿಗೂ ಪುಸ್ತಕ ಬೇಡವೇ?

ಕುಣಿಮಗ್ಗದ ಮನೆ

ಅಕ್ಕ, ಇದನ್ನು ಓದಿದ ಕೂಡಲೇ ಅರ್ಜಿಯನ್ನು ವಾಪಸ್ ತೆಗೆದು ನೋಡಿದೆ. ಮೂರು ಪುಟದಲ್ಲಿ ಅವ್ವನ ಕೆಲಸದ ಹೆಸರು ಒಂದು ಸಲವೂ ಇಲ್ಲ. ಸೀರೆಯ ಮಜೂರಿಯಲ್ಲೇ ಅವಳ ಕೊಂಡಿಯೂ ಸೇರಿಕೊಂಡಿದೆ, ಅದಕ್ಕೆ ಬೇರೆ ದರವನ್ನು ಇವತ್ತಿನವರೆಗೆ ಯಾರೂ ಕಟ್ಟಿಲ್ಲ, ನಾವೂ ಕಟ್ಟಿಲ್ಲ.

ಅವಳನ್ನೇ ಕೇಳಿದೆ, ಒಂದು ಕೊಂಡಿಗೆ ಎಷ್ಟು ಎಂದು ಬರೆಯಲಿ? ಬಹಳ ಹೊತ್ತು ಸುಮ್ಮನಿದ್ದಳು. "ನನ್ನನ್ನು ಯಾರೂ ಕೇಳಿರಲಿಲ್ಲ, ಲೆಕ್ಕ ಹಾಕಿ ನಾಳೆ ಹೇಳುತ್ತೇನೆ" ಎಂದಳು. ಅರ್ಜಿ ಕೊಡುವುದನ್ನು ಒಂದು ದಿನ ಮುಂದೆ ಹಾಕಿದ್ದೇವೆ.